ಇಸ್ತಾಂಬುಲ್‌ದಾಗ ಉದ್ರಿ ಇಲ್ಲ

ವಿಜಯಪುರ
ಸೋಮವಾರ ರಾತ್ರಿ

ಮಗಳಾ,

ಅಪ್ಪನ ಆಶೀರ್ವಾದ. ಇತ್ತ ಎಲ್ಲಾರೂ ಕ್ಷೇಮ ಅಂತ ಬರಿಯೂದು ರೂಢಿ. ಆದ್ರ ನೀ ತಾಟಿನ ಮುಂದಿಂದ ಎದ್ದು, ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ ಮ್ಯಾಲ ನಿಮ್ಮವ್ವ ನನ್ನ ಜೋಡಿ ಮಾತು ಬಿಟ್ಟಾಳ. ಫೋನ್ ಮಾಡಿದ್ರ ನೀ ಎತ್ತಾಕಿ ಅಲ್ಲ. ವಾಟ್ಸ್‌ಆ್ಯಪ್‌ನ್ಯಾಗ ನಾ ಎರಡು ಸಾಲು ಬರದ್ರ ಮೂರನೇದಕ್ಕ ಜಗಳ ಆಗತೈತಿ. ಅದಕ್ಕ ಕಾಗದ.

ಅವತ್ತು ಯಾರು ಏನಂದ್ರು ಅನ್ನೂದು ಇಬ್ಬರಿಗೂ ನೆನಪೈತಿ, ತಿರಗಿ ಬರಿಯಂಗಿಲ್ಲ. ನಿನ್ನ ಕಂಪ್ಯೂಟರಿನ ಹಡಗದ ಆಟಕ್ಕ ‘ಹುಡುಗಾಟಿಕಿ’ ಅಂದೆನಲ್ಲ, ಆ ಒಂದು ಮಾತು ಹಿಂದ ತಗೋತೀನಿ. ಮಣೂಕದ (ಒಣದ್ರಾಕ್ಷಿ) ವ್ಯಾಪಾರಕ್ಕ ನೀ ಕೇಳಿದ ಎರಡು ಲಕ್ಷ ಕೊಡಂಗಿಲ್ಲ ಅಂದದ್ದನ್ನ ತಗೊಳ್ಳಂಗಿಲ್ಲ.

ನೀ ಹೋದ ಮ್ಯಾಲ ನಿನ್ನ ತಮ್ಮನ ಕಡಿಂದ ಹಳೇ ಲ್ಯಾಪ್‌ಟಾಪಿನ್ಯಾಗ ನೀ ಆಡಿಟ್ಟ ಆ ಆಟ ಹಚ್ಚಿಸಿ ನೋಡಿದೆ. ಅನ್‌ಚಾರ್ಟೆಡ್ ವಾಟರ್ಸ್: ನ್ಯೂ ಹೊರೈಜನ್ಸ್. ಜಪಾನಿನ ಕೋಯಿ ಕಂಪನಿ 1993ರಾಗ ತಂದದ್ದಂತ, ನಿನಗಿಂತ ಹಿರೀದು. ಚಿತ್ರ ಮಬ್ಬು, ಅಕ್ಷರ ಓದಾಕ ಚಾಳೀಸು ಬೇಕು. ಆದ್ರ ಅದರಾಗಿನ ವ್ಯಾಪಾರ ಖರೆ ಐತಿ, ಸುಳ್ಳು ಯಾಕ ಹೇಳಲಿ. ಅಥೆನ್ಸಿನ್ಯಾಗ ಕಲಾಕೃತಿ ಕೊಂಡು ಇಸ್ತಾಂಬುಲ್‌ದಾಗ ಮಾರೂದು, ಇಸ್ತಾಂಬುಲ್‌ದಾಗ ಗಾಲೀಚ ಕೊಂಡು ಅಥೆನ್ಸಿನ್ಯಾಗ ಮಾರೂದು. ಹೋಗೂವಾಗೂ ಬರೂವಾಗೂ ಹಡಗ ಖಾಲಿ ಇರಂಗಿಲ್ಲ. ನಮ್ಮ ಲಾರಿ ಮಾಲಕರಿಗೆ ಇದನ್ನ ತಿಳಿಸಾಕ ನನ್ನ ಅರ್ಧ ಆಯುಷ್ಯ ಹೋಗೈತಿ. ಸರಕ ಹೆಚ್ಚಿಗಿ ತುಂಬಬೇಕಂದ್ರ ನೀರು, ಆಹಾರ ಕಡಿಮಿ ಒಯ್ಯಬೇಕು, ಅದಕ್ಕ ಸನಿ ಸನಿ ಇರೂ ಬಂದರ ಆರಿಸಿದಿ. ಒಂದ ಬಂದರದಾಗ ಎಲ್ಲಾ ಸುರುವಿದ್ರ ದರ ಇಳೀತೈತಿ ಅಂತ ಅರ್ಧ ಅಲ್ಲಿ ಮಾರಿ, ಉಳಿದದ್ದನ್ನ ಬ್ಯಾರೆ ಕಡೆ ಒಯ್ತಿದ್ದಿ ಅಂತ ತಮ್ಮ ಹೇಳಿದ. ಇದನ್ನ ನಾ ಕಲಿಸಿಲ್ಲ. ಎಪಿಎಂಸಿಯೊಳಗ ತಲಿ ಬೆಳ್ಳಗಾದವರೂ ಆವಕ ಹೆಚ್ಚಾದ ದಿನಾನ ಚೀಲ ಬಿಚ್ಚತಾರ. ನಮ್ಮ ಗುಮಾಸ್ತರಿಗೆ ತೋರಿಸಿದೆ. ‘ಹುಡುಗಿ ಗಟ್ಟಿ ಅದಾಳ್ರಿ’ ಅಂದ್ರು.

ಒಂದು ಕಡೆ ಮಾತ್ರ ನಾ ತಡದು ನಿಂತೆ. ಇಸ್ತಾಂಬುಲ್‌ದಾಗ ಸರಕ ಮಾರಿದ ಕೂಡಲೇ ಬಂಗಾರದ ನಾಣ್ಯ ನಿನ್ನ ಲೆಕ್ಕಕ್ಕ ಬಿದ್ದುವು. ಆ ಸಮುದ್ರದಾಗ ಬಿರುಗಾಳಿ ಐತಿ, ಕಡಲಗಳ್ಳರು ಅದಾರ, ಇಲಿ ಅದಾವ, ಹಡಗದ ಮಂದಿಗೆ ಸ್ಕರ್ವಿ ರೋಗ ಬರತೈತಿ. ‘ದೀಪಾವಳಿ ಆದ ಮ್ಯಾಲ ಬರ್ರಿ ಸಾವಕಾರ್ರ’ ಅನ್ನಾವ ಒಬ್ಬನೂ ಇಲ್ಲ.

ನಿನ್ನ ಹಂಚಿಕಿ ಏನು? ಮಾರ್ಚ್, ಏಪ್ರಿಲ್‌ದಾಗ ಮಣೂಕದ ಆವಕ ಬಾಳ, ದರ ಕಡಿಮಿ. ಆಗ ಕೊಂಡು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ಗಣಪತಿ, ದೀಪಾವಳಿ ಮುಂದ ಮಾರೂದು. ತಪ್ಪೇನಿಲ್ಲ, ಎಲ್ಲಾರೂ ಮಾಡೂದು ಅದನ್ನ. ನಾಕು ಕಿಲೋ ಹಸಿ ದ್ರಾಕ್ಷಿ ಒಣಗಿದ್ರ ಒಂದು ಕಿಲೋ ಮಣೂಕ, ಒಣಗೂವಾಗ ಮಳಿ ಬಿದ್ರ ಹಸರು ಬಣ್ಣ ಹೋಗಿ ಕರ್ರಗ, ಬಾಡಿಗಿ ಇಷ್ಟು, ಬಡ್ಡಿ ಇಷ್ಟು ಅಂತ ಎಲ್ಲಾ ಹಾಳಿ ಮ್ಯಾಲ ಬರದಿ. ಯಾರಿಗೆ ಮಾರತಿ ಅನ್ನೂದನ್ನ ಬರದಿಲ್ಲ. ‘ಮಾರ್ಕೆಟ್ಟಿಗೆ’ ಅಂತ ಬರದಿ. ಮಾರ್ಕೆಟ್ಟು ಅಂದ್ರ ಯಾರು ಮಗಳಾ? ಅದರ ಮನಿ ಎಲ್ಲಿ ಐತಿ?

ಪ್ಲಾಟು ಯಾಕ ಮಾರಿದ್ವಿ ಅನ್ನೂದು ನಿನಗ ಗೊತ್ತೈತಿ. ನಮ್ಮ ಮಣೂಕ ಉದ್ರಿ ಒಯ್ದ ಆ ಮನಿಷ್ಯಾ ಹೆಂಗಿದ್ದ ಅನ್ನೂದು ಗೊತ್ತಿಲ್ಲ. ಬಾಳ ಸಂಭಾವಿತ. ಅಂಗಡಿಗೆ ಬಂದ್ರ ಮೊದಲು ಹಮಾಲರಿಗೆ ಚಹಾ ಹೇಳತಿದ್ದ. ನಿಮ್ಮ ಅಜ್ಜನ ಫೋಟೊಕ್ಕ ಕೈ ಮುಗೀತಿದ್ದ. ಮೊದಲನೇ ವರ್ಷ ಸ್ವಲ್ಪ ಒಯ್ದ, ಹೇಳಿದ ದಿನಾ ರೊಕ್ಕ ಹಾಕಿದ. ಮರುವರ್ಷ ಹೆಚ್ಚಿಗಿ ಒಯ್ದ, ಹೇಳಿದ್ದಕ್ಕಿಂತ ಮೊದಲ ಹಾಕಿದ. ಅದರ ಮುಂದಿನ ವರ್ಷ ಲಾರಿ ಮ್ಯಾಲ ಲಾರಿ ಒಯ್ದ. ಆ ವರ್ಷ ಅವಾ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಹೇಳಿದ ದರಕ್ಕ ‘ಹೂಂ’ ಅಂದ. ಅಂಗಡ್ಯಾಗ ಎಲ್ಲಾರಿಗೂ ಖುಷಿ. ಈಗೂ ರಾತ್ರಿ ನಿದ್ದಿ ಬಾರದಾಗ ಆ ‘ಹೂಂ’ ಕೇಳಸತೈತಿ. ರೊಕ್ಕಾ ಕೊಡಾವ ಎಂಟಾಣೆಗೂ ಜಗಳಾಡತಾನ, ಯಾಕಂದ್ರ ಅದು ಅವನ ಕಿಸೆದಿಂದ ಹೋಗೂದು. ಕೊಡಬಾರದಂತ ಠರಾವ ಮಾಡಿದಾವಗ ದರ ಎಷ್ಟಾದ್ರೇನು?

ಅವನ ಫೋನ್ ಬಂದ್ ಆತು. ಅವನ ಊರಿಗೆ ಹೋದೆ, ಶಟರ್ ಇಳಿದಿತ್ತು. ಬಾಜೂ ಚಹಾದಂಗಡಿಯಾವ ‘ನಿಮ್ಮಂಗ ಬಾಳ ಮಂದಿ ಬಂದು ಹೋದ್ರು’ ಅಂದ. ರೈತರಿಗೆ ರೊಕ್ಕದ ಪಟ್ಟಿ ಬರದು ಕೊಟ್ಟಾವ ಅಡತಿ ದಲಾಲಿ, ಅಂದ್ರ ನಾನು. ಖರೀದಿ ಮಾಡಿದಾವ ಓಡಿಹೋದ್ರೂ ರೈತನ ರೊಕ್ಕ ನಾ ಕೊಡಬೇಕು. ತಿಕೋಟಾ ಕಡೆದ ಒಬ್ಬ ಹಿರ್ಯಾ ಮನಿಗೆ ಬಂದು ಕಟ್ಟಿ ಮ್ಯಾಲ ಕುಂತ. ರೊಕ್ಕದ ಮಾತ ತೆಗೀಲಿಲ್ಲ. ಚಹಾ ಕುಡದ, ಮಳಿ ಬಗ್ಗೆ ಮಾತಾಡಿದ, ನಿನ್ನ ಕರದು ಎಷ್ಟನೇತ್ತಾ ಅಂತ ಕೇಳಿದ, ಎದ್ದು ಹೋದ. ಬೈದಿದ್ರ ತಡಕೊಳ್ಳತಿದ್ದೆ. ಮತ್ತ ಆ ಮನಿಷ್ಯಾನ ಮಾತಿಗೇ ಬರತೀನಿ ನೋಡು: ಹೂಂ ಅಂದಾಗ ಅವಾ ನಗಲಿಲ್ಲ, ಗೋಣು ಹಾಕಿ ಅಜ್ಜನ ಫೋಟೊ ಕಡೆ ನೋಡಿದ. ಆ ನೋಟ ಏನಿತ್ತು ಅನ್ನೂದು ಇನ್ನೂ ತಿಳಿವಲ್ತು.

ಊಟಕ್ಕ ಕುಂತಾಗ ನೀ ಒಂದು ಮಾತು ಅಂದಿ: 1510ರಾಗ ಪೋರ್ಚುಗೀಸರ ಅಲ್ಬುಕರ್ಕ್ ಕಸಗೊಳ್ಳೂ ತನಕ ಗೋವಾ ನಮ್ಮ ಆದಿಲಶಾಹಿಗಳ ಬಂದರ, ಅರಬಸ್ತಾನದ ಕುದುರಿ ಅಲ್ಲೇ ಇಳೀತಿದ್ದುವು, ವಿಜಾಪುರದವರಿಗೆ ಸಮುದ್ರದ ವ್ಯಾಪಾರ ಹೊಸಾದಲ್ಲ ಅಂತ. ಖರೆ. ಇನ್ನೊಂದೂ ನೀನ ಹೇಳಿದಿ. ವಿಜಯನಗರದ ಸಾಳುವ ನರಸಿಂಹ ಸಮುದ್ರದಾಗ ಸತ್ತ ಕುದುರಿಗೂ ರೊಕ್ಕ ಕೊಡತಿದ್ದ, ಬಾಲ ತಂದು ತೋರಿಸಿದ್ರ ಸಾಕಿತ್ತು ಅಂತ ಪೋರ್ಚುಗೀಸ ಕುದುರಿ ವ್ಯಾಪಾರಿ ನೂನಿಜ್ ಬರದಿಟ್ಟಾನ ಅಂದಿ. ಅಂಥಾ ಗಿರಾಕಿ ಇದ್ರ ಯಾರ ಬೇಕಾದ್ರೂ ಹಡಗ ಬಿಡಬಹುದು. ನನಗ ಸಿಕ್ಕಾವ ಜೀವಂತ ಕುದುರಿ ಹತ್ತಿ ಹೋದಾವ.

ಉಪದೇಶ ಮಾಡಬಾರದು ಅಂತ ಕುಂತೆ, ಆದ್ರೂ ಬರೀತೀನಿ. ಹೊಸಬರಿಗೆ ಮೊದಲನೇ ಸರಕ ರೋಖ. ಹಳಬರಿಗೆ ಹಿಂದಿನ ಬಾಕಿ ಮುಟ್ಟಿದ ಮ್ಯಾಲ ಮುಂದಿನ ಚೀಲ. ಚೆಕ್ಕು ಜಮಾ ಆಗೂ ತನಕ ಅದು ಬರೇ ಹಾಳಿ. ಜಿಎಸ್‌ಟಿ ನಂಬರ್ ಪೋರ್ಟಲ್‌ದಾಗ ನೋಡು, ಅಂಗಡಿ ಕಣ್ಣಿಲೆ ನೋಡು, ಬಾಜೂದವರನ್ನ ಕೇಳು. ರಾತ್ರಿ ಎರಡರ ತನಕ ಎಚ್ಚರ ಇರಬ್ಯಾಡ. ಹೊತ್ತಿಗೆ ಸರಿಯಾಗಿ ಉಣ್ಣು. (ಇದು ವ್ಯಾಪಾರದ್ದಲ್ಲ, ನಿಮ್ಮವ್ವ ಬಾಜೂಕ ನಿಂತು ಬರಸಾಕತ್ತಾಳ. ಹಂಗಂದ್ರ ನನ್ನ ಜೋಡಿ ಮಾತಾಡಿದಂಗ ಆತಲ್ಲ.)

ಎರಡು ಲಕ್ಷ ರೊಕ್ಕ ಕೊಡಂಗಿಲ್ಲ. ಒಂದು ಟನ್ ಮಣೂಕ ಉದ್ರಿ ಕೊಡತೀನಿ, ದೀಪಾವಳಿ ತನಕ. ಖಾತೆ ಪುಸ್ತಕದಾಗ ನಿನ್ನ ಹೆಸರಿಗೆ ಹೊಸಾ ಹಾಳಿ ತೆಗೀತೀನಿ, ಮಗಳು ಅಂತ ಅಲ್ಲ, ಪಾರ್ಟಿ ಅಂತ. ಕೋಲ್ಡ್ ಸ್ಟೋರೇಜ್ ಬಾಡಿಗಿ ನಿಂದು, ಗಿರಾಕಿ ಹುಡುಕೂದು ನಿಂದು, ವಸೂಲಿ ನಿಂದು. ಬರೂ ರವಿವಾರ ಸಂಜಿಕ ಫೋನ್ ಮಾಡಿ ದರ ಹೇಳತೀನಿ, ಎತ್ತು. ನಾ ಹೇಳಿದ ಮೊದಲನೇ ದರಕ್ಕ ಹೂಂ ಅಂದಿ ಅಂದ್ರ ಒಂದು ಕಾಳೂ ಕೊಡಂಗಿಲ್ಲ.

ನಿನ್ನ ಅಪ್ಪ