ಚೆನ್ನೈನಲ್ಲಿ ಹಬ್ಬ ಮಾಡುವ ಮಗಳಿಗೊಂದು ಪತ್ರ

ಹಾಸನ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ರಜೆ ಸಿಗಲಿಲ್ಲ, ಈ ಸಲ ದೀಪಾವಳಿಗೆ ಬರಲ್ಲ ಅಂದಿದ್ದಕ್ಕೆ ಅಪ್ಪ ಫೋನಿನಲ್ಲಿ ಆಡಿದ ಮಾತನ್ನ ಮನಸ್ಸಿಗೆ ಹಚ್ಕೋಬೇಡ. ಅವರ ಪರವಾಗಿ ನಾನೇ ಕೇಳ್ಕೋತೀನಿ, ಬೇಜಾರಾಗಬೇಡ. ನಮಗೆ ನರಕ ಚತುರ್ದಶಿಗೂ ರಜೆ, ಬಲಿಪಾಡ್ಯಮಿಗೂ ರಜೆ. ತಮಿಳುನಾಡಿನವರಿಗೆ ಹಬ್ಬ ಅಂದ್ರೆ ಚತುರ್ದಶಿ ಬೆಳಗಿನ ಜಾವವೇ. ಇದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ರೇಗಿದರು, ಅಷ್ಟೇ.

ನನ್ನ ತಲೆ ಕೊರೀತಿರೋದು ನೀನು ಕೊನೆಗೆ ಹೇಳಿದ ಮಾತು: ಈ ಸೆಕೆಯಲ್ಲಿ ಹಬ್ಬ ಅಂತಲೇ ಅನ್ನಿಸಲ್ಲಮ್ಮ ಅಂತ. ಹೇಗೆ ಅನ್ನಿಸುತ್ತೆ ಹೇಳು. ನಮ್ಮೂರು 3000 ಅಡಿಗಿಂತ ಎತ್ತರದಲ್ಲಿದೆ, ಆಶ್ವೀಜ ಬಂತಂದ್ರೆ ಬೆಳಗ್ಗೆ ಎದ್ದವರು ಸ್ವೆಟರ್ ಹುಡುಕ್ತಾರೆ. ಚೆನ್ನೈ ಸಮುದ್ರದ ಪಕ್ಕ. ಅಕ್ಟೋಬರಿನಲ್ಲೂ ಹಗಲು 32 ಡಿಗ್ರಿ, ಅದರ ಮೇಲೆ ಹಿಂಗಾರು ಮಳೆ ಶುರುವಾಗೋದೂ ಆಗಲೇ. ನಮ್ಮ ಹಂಡೆ, ಎಣ್ಣೆ, ಕಜ್ಜಾಯ ಎಲ್ಲ ಚಳಿಗೆ ಹೇಳಿ ಮಾಡಿಸಿದ್ದು. ಅಲ್ಲಿ ಹೀಗೇ ಮಾಡೋಕೆ ಹೋದ್ರೆ ಅರ್ಧಕ್ಕರ್ಧ ಕೆಡುತ್ತೆ. ಎಲ್ಲಿ ಬದಲಾಯಿಸಬೇಕು ಅಂತ ಬರೀತೀನಿ, ಉಳಿದದ್ದು ನಿನಗೇ ಗೊತ್ತು.

ತ್ರಯೋದಶಿ ಸಂಜೆ ನೀರು ತುಂಬೋದಕ್ಕೆ ಹಂಡೆಯೇ ಬೇಕಂತಿಲ್ಲ. ಬಕೆಟ್ಟನ್ನ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ತೊಳೆದು, ಕುತ್ತಿಗೆಗೆ ಚೆಂಡುಹೂವಿನ ದಾರ ಕಟ್ಟಿ, ಅರಿಶಿನ ಕುಂಕುಮ ಇಟ್ಟು ತುಂಬಿಸಿಡು. ಬೆಳಗ್ಗೆ ಎಳ್ಳೆಣ್ಣೆಯನ್ನ ಬೆಚ್ಚಗೆ ಮಾಡ್ಕೋ, ಕಾಯಿಸಬೇಡ. ಇಲ್ಲಿ ಒಂದು ಗಂಟೆ ನೆನೀತಾ ಕೂತ್ಕೋತೀವಿ, ಅಲ್ಲಿ ಇಪ್ಪತ್ತು ನಿಮಿಷ ಸಾಕು. ಜಾಸ್ತಿ ಹೊತ್ತಾದ್ರೆ ಬೆವರು ಬಂದು ಎಣ್ಣೆ ಕಣ್ಣಿಗೆ ಇಳಿಯುತ್ತೆ. ಬೋರ್‌ವೆಲ್ಲಿನ ಗಡಸು ನೀರಾದ್ರೆ ಎಣ್ಣೆ ಬೇಗ ಬಿಡಲ್ಲ. ಸೀಗೆಪುಡಿಯನ್ನ ಕುಡಿಯೋ ನೀರಿನಲ್ಲಿ ಕಲಸ್ಕೋ, ಒಂದು ಹಿಡಿ ಕಡಲೆಹಿಟ್ಟೂ ಸೇರಿಸು. ಸ್ನಾನ ಆದ್ಮೇಲೆ ಬಚ್ಚಲ ನೆಲಕ್ಕೆ ಅದೇ ಪುಡಿ ಉದುರಿಸಿ ತಿಕ್ಕಿ ತೊಳಿ. ಟೈಲ್ಸಿನ ಮೇಲೆ ಎಣ್ಣೆ ಇದ್ದದ್ದು ಕಾಣೋದು ಜಾರಿ ಬಿದ್ದ ಮೇಲೆಯೇ.

ಅವತ್ತು ಪಕ್ಕದ ಮನೆಯವರು ಗಂಗಾಸ್ನಾನಂ ಆಚ್ಚಾ, ಅಂದ್ರೆ ಎಣ್ಣೆಸ್ನಾನ ಆಯ್ತಾ ಅಂತ ಕೇಳ್ತಾರೆ, ಆಚ್ಚು ಅನ್ನು. ಲೇಗಿಯಂ ಕೊಟ್ರೆ ಬೇಡ ಅನ್ನಬೇಡ. ಶುಂಠಿ, ಮೆಣಸು, ಓಮ ಎಲ್ಲ ಬೆಲ್ಲದಲ್ಲಿ ಕುದಿಸಿ ಮಾಡಿರ್ತಾರೆ. ಸ್ನಾನ ಮಾಡಿದ ತಕ್ಷಣ, ಏನೂ ತಿನ್ನೋಕೆ ಮುಂಚೆ ಚಿಕ್ಕ ನೆಲ್ಲಿಕಾಯಿಯಷ್ಟು ತಿನ್ನು. ದಿನವಿಡೀ ಕರಿದದ್ದು ತಿಂದ್ರೂ ಹೊಟ್ಟೆ ಭಾರ ಆಗಲ್ಲ. ಇದನ್ನ ನಾವೂ ಅವರಿಂದ ಕಲೀಬೇಕಿತ್ತು.

ಈಗ ದೀಪ. ಮಣ್ಣಿನ ಹಣತೆಗಳನ್ನ ಹಿಂದಿನ ರಾತ್ರಿಯೇ ನೀರಿಗೆ ಹಾಕು. ನೆನೆಯದ ಹಣತೆ ಎಣ್ಣೆಯನ್ನೆಲ್ಲ ತಾನೇ ಕುಡಿದು ಅಡಿಯಿಂದ ಜಿನುಗುತ್ತೆ. ಬೆಳಗ್ಗೆ ತೆಗೆದು ಬೋರಲು ಹಾಕಿಡು. ಇಲ್ಲಿ ಎರಡು ಗಂಟೆಗೆ ಒಣಗುತ್ತೆ, ಅಲ್ಲಿಯ ಹವೆಗೆ ಸಂಜೆವರೆಗೂ ಬೇಕು. ಒದ್ದೆ ಇದ್ರೆ ಬತ್ತಿ ಚಟಪಟ ಅಂತ ಸಿಡಿಯುತ್ತೆ. ಬತ್ತಿ ಹತ್ತು ನಿಮಿಷ ಎಣ್ಣೆಯಲ್ಲಿ ನೆಂದಿರಲಿ. ಸಂಜೆ ಸಮುದ್ರದ ಗಾಳಿ ಬರೋದ್ರಿಂದ ಬಾಲ್ಕನಿ ಕಟ್ಟೆ ಮೇಲೆ ಸಾಲಾಗಿ ಇಡಬೇಡ. ದೀಪ ನಿಲ್ಲಲ್ಲ, ನಿಂತ್ರೂ ನಾಲ್ಕನೇ ಮಹಡಿಯಿಂದ ಕೆಳಗೆ ಯಾರ ತಲೆ ಮೇಲಾದ್ರೂ ಬಿದ್ರೆ? ಗೋಡೆ ಮೂಲೆಯಲ್ಲಿ ಸ್ಟೀಲ್ ತಟ್ಟೆಗೆ ಮರಳು ಹಾಕಿ ಐದೇ ಹಣತೆ ಇಡು. ಪರದೆಯನ್ನ ಮೇಲೆತ್ತಿ ಗಂಟು ಹಾಕು. ಚಪ್ಪಲಿ ಸ್ಟ್ಯಾಂಡು, ಗ್ಯಾಸಿನ ಪೈಪು, ಎ.ಸಿ.ಯ ಹೊರಗಿನ ಡಬ್ಬ ಇವುಗಳ ಹತ್ತಿರ ಬೇಡವೇ ಬೇಡ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಬೆಂಕಿಕಡ್ಡಿ ಗೀರಬೇಡ. ಹತ್ತಿ ಚೂಡಿದಾರ ಹಾಕ್ಕೋ, ದುಪಟ್ಟಾ ಬೇಡ, ಜಡೆ ಮೇಲಕ್ಕೆ ಕಟ್ಕೋ. ಶಿಫಾನ್, ನೈಲಾನ್ ಬಟ್ಟೆ ಕಿಡಿ ತಾಗಿದ್ರೆ ಉರಿದು ಸುಮ್ಮನಾಗಲ್ಲ, ಕರಗಿ ಮೈಗೆ ಅಂಟ್ಕೊಳುತ್ತೆ. ಹಾಗೇನಾದ್ರೂ ಆದ್ರೆ ಓಡಬೇಡ, ಓಡಿದ್ರೆ ಗಾಳಿಗೆ ಇನ್ನೂ ಜಾಸ್ತಿ ಆಗುತ್ತೆ. ನೆಲದ ಮೇಲೆ ಉರುಳು. ಸುಟ್ಟ ಜಾಗಕ್ಕೆ ನಲ್ಲಿ ನೀರನ್ನ ಇಪ್ಪತ್ತು ನಿಮಿಷ ಬಿಡು. ಟೂತ್‌ಪೇಸ್ಟು, ಅರಿಶಿನ ಮೆತ್ತಬೇಡ. ಮಲಗೋಕೆ ಮುಂಚೆ ಬತ್ತಿಯನ್ನ ಹೂವಿನ ತೊಟ್ಟಿನಿಂದ ಎಣ್ಣೆಗೆ ಜಾರಿಸಿ ದೀಪ ದೊಡ್ಡದು ಮಾಡು. ರಾತ್ರಿಯೆಲ್ಲ ಉರೀಲಿ ಅನ್ನೋದು ನಿನ್ನ ಅಜ್ಜಿ ಕಾಲದ ಮಣ್ಣಿನ ಅಂಗಳಕ್ಕೆ ಸರಿ, ಬೀಗ ಹಾಕಿದ ಫ್ಲ್ಯಾಟಿಗಲ್ಲ.

ಪಟಾಕಿ ಹೊಡೀತೀಯೋ ಇಲ್ಲವೋ ನಿನ್ನಿಷ್ಟ. ತಮಿಳುನಾಡಿನಲ್ಲಿ ಬೆಳಗ್ಗೆ 6ರಿಂದ 7, ರಾತ್ರಿ 7ರಿಂದ 8, ಅಷ್ಟೇ ಹೊತ್ತು ಬಿಡೋದು. ಸುರುಸುರುಬತ್ತಿ ಮುಗಿದ ಮೇಲೆ ಕಡ್ಡಿಯನ್ನ ನೀರಿನ ಬಕೆಟ್ಟಿಗೆ ಹಾಕು. ಕೆಂಪು ಹೋದ ಮೇಲೂ ಅದು ಕಾಲು ಸುಡುತ್ತೆ. ಆ ನೀರನ್ನ ಅವತ್ತೇ ಚೆಲ್ಲು, ಮಳೆಗಾಲ, ಡೆಂಗಿ ಸೊಳ್ಳೆಗೆ ನಿಂತ ನೀರು ಸಿಕ್ಕಿದ್ರೆ ಸಾಕು.

ಕಜ್ಜಾಯ ಮಾಡೇ ಮಾಡ್ತೀನಿ ಅಂದೆಯಲ್ಲ. ಅಂಗಡಿಯಲ್ಲಿ ಅದೇ ಕಜ್ಜಾಯ ಅದಿರಸಂ ಅಂತ ಸಿಗುತ್ತಲ್ಲ ಅಂತ ಹೇಳೋಣ ಅಂತಿದ್ದೆ, ಆದ್ರೆ ನೀನು ಮಾಡ್ತೀನಿ ಅಂದಿದ್ದಕ್ಕೆ ಖುಷಿಯೇ ಆಯ್ತು, ಬೀದಿಯವರಿಗೆಲ್ಲ ಹೇಳಿಕೊಂಡೂ ಬಂದೆ. ಅರ್ಧ ಕೆಜಿ ದೋಸೆ ಅಕ್ಕಿ, 375 ಗ್ರಾಂ ಬೆಲ್ಲ. ಅಕ್ಕಿಯನ್ನ ಒಂದು ದಿನ ನೆನೆಸು. ಅಲ್ಲಿ ನೀರು ಬೇಗ ಹುಳಿಯಾಗುತ್ತೆ, ಆರು ಗಂಟೆಗೊಮ್ಮೆ ಬದಲಾಯಿಸು, ರಾತ್ರಿ ಫ್ರಿಜ್ಜಿನಲ್ಲಿಡು. ಆಮೇಲೆ ಬಸಿದು ಬಿಳಿ ಪಂಚೆ ಮೇಲೆ ಹರಡು. ಬಿಸಿಲಿಗೆ ಬೇಡ, ಫ್ಯಾನಿನ ಕೆಳಗೆ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡ, ಕೈ ನೋಡು: ಅಕ್ಕಿ ಅಂಗೈಗೆ ಅಂಟಬಾರದು, ಆದ್ರೆ ಮುಟ್ಟಿದ್ರೆ ತಣ್ಣಗಿರಬೇಕು. ಪೂರ್ತಿ ಒಣಗಿದ್ರೆ ಕಜ್ಜಾಯ ಗಟ್ಟಿ. ಮಿಕ್ಸಿಗೆ ಸ್ವಲ್ಪ ಸ್ವಲ್ಪ ಹಾಕಿ ಪುಡಿಮಾಡಿ ಜರಡಿ ಹಿಡಿ. ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದ್ರೆ ಒಡೀಬೇಕು.

ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಮರಳು ಇರುತ್ತೆ ಅಂತ ಸೋಸಿ, ಮತ್ತೆ ಒಲೆಗಿಡು. ಪಾಕ ಗುಳ್ಳೆ ಗುಳ್ಳೆಯಾಗಿ ಏಳೋಕೆ ಶುರುವಾದ ಮೇಲೆ ಒಂದು ತೊಟ್ಟು ನೀರಿನ ತಟ್ಟೆಗೆ ಬಿಡು. ಹರಡಿದ್ರೆ ಇನ್ನೂ ಆಗಿಲ್ಲ. ಬೆರಳಲ್ಲಿ ಕೂಡಿಸಿದಾಗ ಮೆತ್ತನೆ ಉಂಡೆಯಾಗಿ, ಎತ್ತಿದ್ರೆ ಚಪ್ಪಟೆಯಾದ್ರೆ ಆಗಿದೆ, ತಕ್ಷಣ ಒಲೆ ಆರಿಸು. ಇನ್ನೊಂದು ನಿಮಿಷ ಬಿಟ್ರೆ ಉಂಡೆ ತಟ್ಟೆಗೆ ಟಣ್ ಅನ್ನುತ್ತೆ, ಆ ಪಾಕದಲ್ಲಿ ಕಲ್ಲಿನಂಥ ಕಜ್ಜಾಯವೇ ಬರೋದು. ಏಲಕ್ಕಿ, ಗಸಗಸೆ, ಎರಡು ಚಮಚ ತುಪ್ಪ ಹಾಕಿ ಹಿಟ್ಟನ್ನ ಹಿಡಿ ಹಿಡಿಯಾಗಿ ಸೇರಿಸು. ಒಂದು ಹಿಡಿ ಹಿಟ್ಟು ಉಳಿಸ್ಕೋ. ಕಲಸಿದ್ದು ಸಡಿಲವಾಗಿ ಕಂಡ್ರೂ ಗಾಬರಿಯಾಗಬೇಡ, ರಾತ್ರಿ ಕಳೆಯೋದ್ರಲ್ಲಿ ಬಿಗಿಯಾಗುತ್ತೆ. ಇಲ್ಲಿ ಎರಡು ದಿನ ಹೊರಗಿಡ್ತೀವಿ, ನೀನು ಒಂದು ರಾತ್ರಿಗಿಂತ ಜಾಸ್ತಿ ಇಡೋದಾದ್ರೆ ಫ್ರಿಜ್ಜಿಗೆ ಹಾಕು.

ಬಾಣಲೆಗೆ ಅರ್ಧಕ್ಕಿಂತ ಕಡಿಮೆ ಎಣ್ಣೆ, ಉರಿ ಸಣ್ಣಕ್ಕೆ. ಬಾಳೆಲೆಗೆ ತುಪ್ಪ ಸವರಿ ತಟ್ಟಿ, ಒಂದೊಂದೇ ಬಿಡು. ಮೊದಲನೆಯದು ಎಣ್ಣೆಯಲ್ಲಿ ಬಿಚ್ಚಿ ಚೆಲ್ಲಾಪಿಲ್ಲಿಯಾದ್ರೆ ಪಾಕ ಎಳೆಯದು, ಉಳಿಸಿದ ಹಿಟ್ಟು ಸೇರಿಸಿ ನಾದು. ತಟ್ಟುವಾಗಲೇ ಅಂಚು ಬಿರಿದ್ರೆ ಬೆಚ್ಚಗಿನ ಹಾಲು ಒಂದು ಚಮಚ. ಮೇಲೆ ಬಂದು ಉಬ್ಬಿದ ಮೇಲೆ ಒಂದೇ ಸಲ ತಿರುವಿ, ತೆಗೆದು, ಎರಡು ಜಾಲರಿ ಸೌಟಿನ ಮಧ್ಯೆ ಒತ್ತು. ಎಣ್ಣೆ ಹೊಗೆಯಾಡಿದ್ರೆ ಮೊದಲು ಒಲೆ ಆರಿಸು. ಎಣ್ಣೆಗೇ ಬೆಂಕಿ ಹತ್ತಿದ್ರೆ ನೀರು ಹಾಕಬೇಡ. ನೀರು ಬಿದ್ದ ಕ್ಷಣ ಆವಿಯಾಗಿ ಉರಿಯೋ ಎಣ್ಣೆಯನ್ನ ಮೇಲಕ್ಕೆ ಚಿಮ್ಮಿಸುತ್ತೆ. ಒಲೆ ಆರಿಸಿ ಸ್ಟೀಲ್ ತಟ್ಟೆ ಮುಚ್ಚು, ತಣ್ಣಗಾಗೋವರೆಗೂ ತೆಗೀಬೇಡ, ಬಾಣಲೆ ಎತ್ತಿಕೊಂಡು ಓಡಾಡಬೇಡ. ಕರೀವಾಗ ಫೋನ್ ಬಂದ್ರೆ ತೆಗೀಬೇಡ, ನಾನು ಮಾಡಿದ್ರೂ ಸರಿಯೇ. ಹೇಳಿದ್ದೇ ಹೇಳ್ತಾಳೆ ಅನ್ಕೋತೀಯ, ಅನ್ಕೋ.

ಹಾಸನಾಂಬೆ ಬಾಗಿಲು ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೀತಾರೆ. ಹಬ್ಬಕ್ಕೆ ಬರೋಕಾಗದಿದ್ರೆ ಅದಕ್ಕೆ ಮುಂಚಿನ ವಾರದಲ್ಲೇ ಒಂದು ರಾತ್ರಿ ಬಂದು ಹೋಗಬಹುದು. ತೆಗೆದ ದಿನ ಸಾರ್ವಜನಿಕರಿಗೆ ದರ್ಶನ ಇಲ್ಲ, ಮಾರನೇ ದಿನದಿಂದ. ಶನಿವಾರ ಭಾನುವಾರ ಮಾತ್ರ ಬೇಡ, ಸಾಲು ಕರಗೋದಿಲ್ಲ. ಒತ್ತಾಯ ಏನಿಲ್ಲ. ಬರದಿದ್ರೆ ಅಲ್ಲಿ ಕಾರ್ತಿಗೈ ದೀಪಂ ಇದೆ, ಹುಣ್ಣಿಮೆ ಸಂಜೆ ಮನೆಮನೆಯಲ್ಲೂ ಹಣತೆ ಹಚ್ಚಿ ಪೊರಿ ಉಂಡೆ, ಅಂದ್ರೆ ಮಂಡಕ್ಕಿ ಉಂಡೆ ಮಾಡ್ತಾರೆ. ದೀಪಾವಳಿಯ ಹಣತೆಗಳನ್ನ ತೊಳೆದಿಟ್ಕೊಂಡ್ರೆ ಅದಕ್ಕೂ ಆಗುತ್ತೆ. ಅವತ್ತೂ ಪರದೆ ಗಂಟು ಹಾಕು.

ಸೀಗೆಪುಡಿ, ಬೆಲ್ಲ, ಒಂದಷ್ಟು ಬತ್ತಿ ಪಾರ್ಸೆಲ್ ಹಾಕಿದ್ದೀನಿ. ಅಪ್ಪನೇ ಕಟ್ಟಿ, ಅಪ್ಪನೇ ತಗೊಂಡು ಹೋಗಿ ಕೊಟ್ಟು ಬಂದರು. ಬೆಲ್ಲವನ್ನ ಬಂದ ದಿನವೇ ಗಾಜಿನ ಡಬ್ಬಿಗೆ ಹಾಕು, ಆ ಹವೆಗೆ ನೀರೊಡೆಯುತ್ತೆ. ನಿನ್ನ ಬಾಣಲೆಗೆ ಮುಚ್ಚೋ ಅಷ್ಟು ದೊಡ್ಡ ತಟ್ಟೆ ಇದೆಯೋ ಇಲ್ಲವೋ ತಿಳಿಸು, ಇಲ್ಲದಿದ್ರೆ ಅದನ್ನೂ ಕಳಿಸ್ತೀನಿ.

ಇಂತಿ,
ಅಮ್ಮ