ಇಎಕ್ಸ್‌ಟಿ4 ದೋಷದ ಜಾಡು ಹಿಡಿದವರಿಗೆ ನಮ್ಮ ಕೃತಜ್ಞತೆಗಳು

2023ರ ಡಿಸೆಂಬರ್ 9ರ ಶನಿವಾರ, ಲಿನಕ್ಸ್‌ನಲ್ಲಿ ಡಿಸ್ಕ್ ಮೇಲಿನ ಕಡತಗಳನ್ನು ನಿರ್ವಹಿಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ದತ್ತಾಂಶ ಕೆಡುವ ಸಾಧ್ಯತೆ ಕಂಡುಬಂದಿರುವುದರಿಂದ 12.3 ಆವೃತ್ತಿಯ ಇಮೇಜ್‌ಗಳ ಬಿಡುಗಡೆಯನ್ನು ತಡೆಹಿಡಿಯಲಾಗಿದೆ ಎಂದು ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನ ತಂಡ ಪ್ರಕಟಿಸಿದಾಗ, ದೋಷವಿದ್ದ 6.1.64 ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ನಮ್ಮ ಸಂಸ್ಥೆಯ ಕೆಲವು ಸರ್ವರ್‌ಗಳಲ್ಲಿ ಆಗಲೇ ಓಡುತ್ತಿತ್ತು. ಬ್ಯಾಕಪ್‌ಗಳ ಜೊತೆ ಒಂದೊಂದೇ ಕಡತದ ಚೆಕ್‌ಸಮ್ (ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತುಸಂಖ್ಯೆ) ತಾಳೆ ನೋಡುವ ಕೆಲಸ ಈಗ ಮುಗಿದಿದೆ, ನಮ್ಮ ದತ್ತಾಂಶ ಸುರಕ್ಷಿತವಾಗಿದೆ. ಇದಕ್ಕೆ ಕಾರಣರಾದವರಲ್ಲಿ ಹೆಚ್ಚಿನವರನ್ನು ನಾವು ಕಂಡಿಲ್ಲ. ಆದರೂ ಅವರು ಮಾಡಿದ ಕೆಲಸವೇನೆಂದು ಬಿಡಿಸಿ ಹೇಳಿ ವಂದಿಸುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ದೋಷ ಯಾರೋ ಒಬ್ಬರ ಅಜಾಗರೂಕತೆಯಿಂದ ಹುಟ್ಟಿದ್ದಲ್ಲ. ಡೈರೆಕ್ಟ್ ಐಒ, ಅಂದರೆ ಮೆಮೊರಿಯ ತಾತ್ಕಾಲಿಕ ಸಂಗ್ರಹವನ್ನು ಬಿಟ್ಟು ನೇರವಾಗಿ ಡಿಸ್ಕ್‌ಗೆ ಬರೆಯುವ ವಿಧಾನದ ಮೂಲಕ ಬರೆದ ಮೇಲೆ ಕಡತದ ಗಾತ್ರ ಡಿಸ್ಕ್‌ಗೆ ಸರಿಯಾಗಿ ಸೇರುವಂತೆ ಮಾಡುವ ಒಂದು ಒಳ್ಳೆಯ ತಿದ್ದುಪಡಿಯನ್ನು ಇಎಕ್ಸ್‌ಟಿ4ಗೆ ತರಲಾಗಿತ್ತು. ಆ ಬಳಿಕ ಬರವಣಿಗೆ ಮುಗಿದಾಗ ಕರೆಯಲ್ಪಡುವ ಇಎಕ್ಸ್‌ಟಿ4ರ ಫಂಕ್ಷನ್ ಸೊನ್ನೆಯ ಬದಲು ಬೇರೆ ಮೌಲ್ಯವನ್ನು ಹಿಂದಿರುಗಿಸತೊಡಗಿತು. ಹೊಸ ಕರ್ನಲ್‌ಗಳಲ್ಲಿ, ಹಲವು ಫೈಲ್ ಸಿಸ್ಟಂಗಳು ಓದು-ಬರಹಕ್ಕೆ ಹಂಚಿಕೊಳ್ಳುವ ಐಒಮ್ಯಾಪ್ ಕೋಡ್ ಋಣಸಂಖ್ಯೆಯನ್ನು ಮಾತ್ರ ವೈಫಲ್ಯವೆಂದು ಎಣಿಸುವುದರಿಂದ ಅಲ್ಲಿ ತೊಂದರೆಯಿರಲಿಲ್ಲ. 6.1 ಸರಣಿಯ ಹಳೆಯ ಐಒಮ್ಯಾಪ್ ಮಾತ್ರ ಸೊನ್ನೆಯಲ್ಲದ ಯಾವ ಉತ್ತರ ಬಂದರೂ ಕಡತದೊಳಗಿನ ಸ್ಥಾನವನ್ನು ಮುಂದೆ ಸರಿಸದೆ ಬಿಟ್ಟುಬಿಡುತ್ತಿತ್ತು. ಹೀಗಾಗಿ ಮುಂದಿನ ಬರವಣಿಗೆ ಹೋಗಬೇಕಾದ ಜಾಗಕ್ಕೆ ಹೋಗದೆ ಈಗಷ್ಟೇ ಬರೆದದ್ದರ ಮೇಲೆಯೇ ಬೀಳುವಂತಾಯಿತು. ಇಎಕ್ಸ್‌ಟಿ4ರ ಪ್ಯಾಚ್ (ತಿದ್ದುಪಡಿ), ಹಳೆಯ ಆವೃತ್ತಿಗಳಿಗೆ ಪರಿಹಾರಗಳನ್ನು ತಲುಪಿಸುವ ಸ್ಟೇಬಲ್ ಸರಣಿಗೆ ಬಂತು, ಅದಕ್ಕೆ ಆಧಾರವಾಗಿದ್ದ ಐಒಮ್ಯಾಪ್‌ನ ಪ್ಯಾಚ್ ಬರಲಿಲ್ಲ. ಬಿಡಿಬಿಡಿಯಾಗಿ ಓದಿದರೆ ಎರಡರಲ್ಲೂ ತಪ್ಪು ಸಿಗುವುದಿಲ್ಲ, ಹಾಗಾಗಿ ಇಂಥದ್ದನ್ನು ಪರಿಶೀಲನೆಯ ಹಂತದಲ್ಲೇ ಹಿಡಿಯಬೇಕಿತ್ತು ಎಂದು ದೂರುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲ ವಂದನೆ, 5.15.140ರ ಬಿಡುಗಡೆಪೂರ್ವ ಕರ್ನಲ್ ಮೇಲೆ ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್ ಎಂಬ ಪರೀಕ್ಷಾ ಸಂಗ್ರಹದ ಪರೀಕ್ಷೆಗಳನ್ನು ಓಡಿಸಿ, ಅವುಗಳಲ್ಲೊಂದು ವಿಫಲವಾದದ್ದನ್ನು ಕಡೆಗಣಿಸದೆ ವರದಿ ಮಾಡಿದವರಿಗೆ. ಸಾವಿರಾರು ಪರೀಕ್ಷೆಗಳ ನಡುವೆ ಒಂದು ಬಿದ್ದರೆ, ಯಂತ್ರದ್ದೋ ಪರೀಕ್ಷೆಯದ್ದೋ ಸಮಸ್ಯೆಯಿರಬೇಕೆಂದು ಮುಂದೆ ಸಾಗುವುದು ಸುಲಭ. ಆ ವರದಿಯನ್ನು ಕೈಗೆತ್ತಿಕೊಂಡು, ಎರಡು ಪ್ಯಾಚ್‌ಗಳ ನಡುವಿನ ಈ ಸೂಕ್ಷ್ಮ ಸಂಬಂಧವನ್ನು ಬಿಡಿಸಿ, ದೋಷವು 6.1.64ರ ಮೂಲಕ ಈಗಾಗಲೇ ಬಳಕೆದಾರರನ್ನು ತಲುಪಿದೆಯೆಂದು ಎಚ್ಚರಿಸಿದ ಕರ್ನಲ್ ಡೆವಲಪರ್ ಯಾನ್ ಕಾರಾ ಅವರಿಗೆ ನಾವು ಚಿರಋಣಿಗಳು. ಅವರು ಬರೆದ ವಿವರಣೆ ಕೆಲವೇ ಸಾಲುಗಳದ್ದು. ಆದರೆ ಕರ್ನಲ್ ಕೋಡ್‌ನ ಪರಿಚಯ ಅಷ್ಟಾಗಿ ಇಲ್ಲದ ನನ್ನಂಥವನಿಗೂ ನಮ್ಮ ಯಾವ ಯಂತ್ರಗಳನ್ನು ಮೊದಲು ನೋಡಬೇಕೆಂಬುದು ಅದನ್ನು ಓದಿಯೇ ತಿಳಿಯಿತು.

ವಾರಾಂತ್ಯವನ್ನು ಬದಿಗಿಟ್ಟು, ಮರುದಿನವೇ 6.1.66 ಕರ್ನಲ್ ಇರುವ 12.4ನ್ನು ಹೊರತಂದ ಡೆಬಿಯನ್ ಸ್ವಯಂಸೇವಕರಿಗೂ ಧನ್ಯವಾದಗಳು.

ಈ ಘಟನೆಯ ಆಚೆಗೂ ನೆನೆಯಬೇಕಾದವರು ಥಾರ್ಸ್ಟನ್ ಲೀಮ್‌ಹುಯಿಸ್. ಕರ್ನಲ್‌ನ ರಿಗ್ರೆಷನ್‌ಗಳ, ಅಂದರೆ ಹೊಸ ಬದಲಾವಣೆಯಿಂದ ಹಳೆಯದು ಕೆಡುವ ಪ್ರಕರಣಗಳ ಲೆಕ್ಕವಿಡುವ ರೆಗ್ಜ್‌ಬಾಟ್ ಎಂಬ ತಂತ್ರಾಂಶ ಅವರು ರೂಪಿಸಿದ್ದು. ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದೆ ಎಂಬ ದೂರು ಬಂದಾಗ, ಅದು ಯಾವ ಆವೃತ್ತಿಯಿಂದ ಅಥವಾ ಯಾವ ಕಮಿಟ್‌ನಿಂದ (ಕೋಡ್‌ನಲ್ಲಿ ದಾಖಲಾದ ಬದಲಾವಣೆ) ಶುರುವಾಯಿತೆಂದು ದಾಖಲಿಸಿ, ಪರಿಹಾರ ಬರುವವರೆಗೆ ಮತ್ತೆ ಮತ್ತೆ ನೆನಪಿಸುವ ಈ ಕೆಲಸಕ್ಕೆ ಹೊಸ ಕೋಡ್ ಬರೆದವರಿಗೆ ಸಿಗುವಷ್ಟು ಹೆಸರು ಸಿಗುವುದಿಲ್ಲ. ರಿಗ್ರೆಷನ್ ವರದಿ ಮಾಡುವ ಬಗೆಯ ಕುರಿತು ಕರ್ನಲ್ ದಾಖಲೆಗಳಲ್ಲಿ ಅವರು ಬರೆದಿರುವುದನ್ನು ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಓದಲು ಕೊಡುತ್ತೇವೆ.

ನಿದ್ದೆಗೆಟ್ಟು ಚೆಕ್‌ಸಮ್‌ಗಳನ್ನು ತಾಳೆ ನೋಡಿದ ಸಹೋದ್ಯೋಗಿಗಳಿಗೂ, ಸೇವೆ ನಿಂತಿದ್ದಾಗ ತಾಳ್ಮೆಯಿಂದಿದ್ದ ನಮ್ಮ ಬಳಕೆದಾರರಿಗೂ ಮನಸಾರೆ ವಂದನೆಗಳು. ಸ್ಟೇಬಲ್ ಕರ್ನಲ್‌ನ ಬಿಡುಗಡೆಪೂರ್ವ ಆವೃತ್ತಿ ಹೊರಬಂದಾಗ ಪರಿಶೀಲನೆಗೆ ಸಾಮಾನ್ಯವಾಗಿ ಎರಡು ಮೂರು ದಿನಗಳ ಕಾಲಾವಕಾಶವಿರುತ್ತದೆ. ಆ ಅವಧಿಯಲ್ಲಿ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ (ಇನ್ನೊಂದು ಫೈಲ್ ಸಿಸ್ಟಂ) ಡಿಸ್ಕ್‌ಗಳ ಮೇಲೆ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಎಂಬ ಫೈಲ್ ಸಿಸ್ಟಂ ಪರೀಕ್ಷೆಗಳನ್ನು ಓಡಿಸಲೆಂದು ಒಂದು ಯಂತ್ರವನ್ನು ಮೀಸಲಿಟ್ಟಿದ್ದೇವೆ. ಅಲ್ಲಿ ಕಂಡುಬರುವ ವೈಫಲ್ಯಗಳ ವರದಿಯನ್ನು ಇನ್ನು ಮುಂದೆ ನಾವೂ ಕಳುಹಿಸಲಿದ್ದೇವೆ.