ಬಾಗಿದ ಬೆನ್ನನ್ನು ಮುಪ್ಪಿನ ಲೆಕ್ಕಕ್ಕೆ ಬರೆಯಬೇಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬೆನ್ನುನೋವಿನ ಪ್ರಸ್ತಾಪ ಬಂದಾಗಲೆಲ್ಲ ಸೊಂಟ ಮತ್ತು ಕುತ್ತಿಗೆಯ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ತೊಂದರೆಗಳೇ ಜಾಗ ಪಡೆಯುತ್ತವೆ. ಅವೆರಡರ ನಡುವೆ ಇರುವ, ಬೆನ್ನುಮೂಳೆಯಲ್ಲಿ ಎಲ್ಲಕ್ಕಿಂತ ಉದ್ದವಾದ ಭಾಗವಾದ ನಡುಬೆನ್ನಿನ ಬಗ್ಗೆ ಬರೆಯುವವರು ವಿರಳ. ಅಂಗರಚನಾಶಾಸ್ತ್ರವನ್ನು ಬಹುಕಾಲ ಬೋಧಿಸಿದ ನನಗೆ ಈ ಉಪೇಕ್ಷೆ ಅಪಾಯಕಾರಿಯಾಗಿ ಕಾಣುತ್ತದೆ.

ಕುತ್ತಿಗೆಯಲ್ಲಿ 7, ಸೊಂಟದಲ್ಲಿ 5 ಕಶೇರುಕಗಳು, ಅಂದರೆ ಬೆನ್ನುಮೂಳೆಯ ಬಿಡಿ ಎಲುಬುಗಳು, ಇದ್ದರೆ ಎದೆಯ ಹಿಂಭಾಗದಲ್ಲಿ 12 ಇವೆ, ಮತ್ತು ಪಕ್ಕೆಲುಬುಗಳನ್ನು ಹೊರುವುದು ಇವೇ. ಇವುಗಳ ಹಿಂಬದಿಯ ಮುಳ್ಳುಗಳು, ಮುಖ್ಯವಾಗಿ ನಡುವಿನ ಕೆಲವು, ಮಾಡಿನ ಹೆಂಚುಗಳಂತೆ ಒಂದು ಇನ್ನೊಂದನ್ನು ಮುಚ್ಚಿಕೊಂಡು ಕೆಳಕ್ಕೆ ಇಳಿಬಿದ್ದಿರುತ್ತವೆ. ಮೊದಲ ಏಳು ಜೋಡಿ ಪಕ್ಕೆಲುಬುಗಳು ಮೃದ್ವಸ್ಥಿಯ (ಮೆತ್ತನೆಯ ಎಲುಬಿನ) ಮೂಲಕ ನೇರವಾಗಿ ಎದೆಮೂಳೆಯನ್ನು ಸೇರುವುದರಿಂದ ಇಡೀ ಭಾಗ ಒಂದು ಗಟ್ಟಿ ಪಂಜರವಾಗುತ್ತದೆ. ಡಿಸ್ಕ್ ಜಾರಿ ತೊಂದರೆ ಕೊಡುವುದು ಇಲ್ಲಿ ಅಪರೂಪವಾಗಿರುವುದಕ್ಕೆ ಈ ಬಿಗಿಯೇ ದೊಡ್ಡ ಕಾರಣ.

ಆದರೆ ಈ ಪಂಜರದ ಆಸರೆಯೇ ಒಂದು ಗಂಭೀರ ತೊಂದರೆಯನ್ನು ಮರೆಮಾಚುತ್ತದೆ. ಬೆನ್ನಿನ ಈ ಭಾಗ ಸಹಜವಾಗಿಯೇ ಹಿಂದಕ್ಕೆ ಉಬ್ಬಿರುವುದರಿಂದ ದೇಹದ ಭಾರ ಕಶೇರುಕಗಳ ಮುಂಭಾಗದ ಮೇಲೆ ಬೀಳುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದು, ಅಥವಾ ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನುಂಗಿ ಮೂಳೆ ಟೊಳ್ಳಾದವರಲ್ಲಿ, ತುಂಬಿದ ಕೊಡ ಎತ್ತಿದಾಗಲೋ ಜೋರಾಗಿ ಕೆಮ್ಮಿದಾಗಲೋ ಆ ಮುಂಭಾಗ ಕುಸಿದು ಕಶೇರುಕ ಬೆಣೆಯ ಆಕಾರ ತಾಳಬಹುದು. ಬಿದ್ದ ನೆನಪಿಲ್ಲ, ನಡೆದಾಡಲೂ ಆಗುತ್ತದೆ. ಹಾಗಾಗಿ ಮೂಳೆ ಮುರಿದಿದೆಯೆಂದು ಯಾರೂ ಊಹಿಸುವುದಿಲ್ಲ. ಮೇಲಾಗಿ ಇಲ್ಲಿನ ನರಗಳು ಪಕ್ಕೆಲುಬುಗಳ ಗುಂಟ ಸುತ್ತಿ ಮುಂದಕ್ಕೆ ಬರುವುದರಿಂದ ನೋವು ಪಕ್ಕೆಯಲ್ಲೋ ಮೇಲ್ಹೊಟ್ಟೆಯಲ್ಲೋ ಕಾಣಿಸಿಕೊಳ್ಳಬಹುದು, ಆಗ ಮನೆಯವರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಡುತ್ತಾರೆ. ಹೀಗೆ ಎರಡು ಮೂರು ಕಶೇರುಕಗಳು ಕುಸಿದಾಗ ಎತ್ತರ ತಗ್ಗುತ್ತದೆ, ಬೆನ್ನು ಗೂನಾಗುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಸಾಲದೆ ಏದುಸಿರು ಬರುತ್ತದೆ. ಅಜ್ಜಿಗೆ ವಯಸ್ಸಾಯಿತೆಂದು ನಾವು ಸುಮ್ಮನಾಗುವುದು ಇಂಥ ಸ್ಥಿತಿಯಲ್ಲಿಯೇ. ನೋವು ಕಳೆಯಲೆಂದು ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ರೂಢಿಯಂತೂ ಇಂಥವರ ಪಾಲಿಗೆ ತೀರ ಅಪಾಯಕರ.

ಬೆನ್ನುಮೂಳೆಗೆ ತಗಲುವ ಕ್ಷಯರೋಗವನ್ನೂ ಇಲ್ಲಿ ಹೇಳಲೇಬೇಕು. 1779ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಗೂನು ಮತ್ತು ಕಾಲುಗಳ ಸ್ವಾಧೀನ ತಪ್ಪುವಿಕೆಯನ್ನು ಒಟ್ಟಿಗೆ ವಿವರಿಸಿದ್ದು ಬೆನ್ನುಮೂಳೆಯ ಇದೇ ರೋಗದ ಬಗ್ಗೆ. ಎದೆಭಾಗದಲ್ಲಿ ಬೆನ್ನುಹುರಿಯ ನಾಳ ಕಿರಿದಾಗಿರುವುದರಿಂದ ಕೀವಿನ ಅಲ್ಪ ಒತ್ತಡವೂ ಕಾಲುಗಳ ಬಲ ಕುಂದಿಸಬಲ್ಲದು. ಕಾಯಿಲೆಯನ್ನು ಬೇಗ ಗುರುತಿಸಿದರೆ ಔಷಧದಿಂದ ಗುಣವಾಗುತ್ತದೆ, ಮತ್ತು ಆ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಆದುದರಿಂದ ತಮ್ಮ ಆರೋಗ್ಯ ಪುಟದಲ್ಲಿ ನಡುಬೆನ್ನಿಗೂ ಸ್ಥಳ ಕೊಡಬೇಕೆಂದು ಕೋರುತ್ತೇನೆ. ಎತ್ತರ ಕಡಿಮೆಯಾದ ಹಿರಿಯರಿಗೆ ಬೆನ್ನಿನ ಪಾರ್ಶ್ವದ ಎಕ್ಸ್‌ರೇ ಮತ್ತು ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕೆಂಬುದನ್ನೂ, ರಾತ್ರಿ ಬಿಡದ ಬೆನ್ನುನೋವಿನ ಜೊತೆಗೆ ಜ್ವರ, ತೂಕ ಇಳಿಕೆ ಅಥವಾ ಕಾಲಿನ ನಿಶ್ಶಕ್ತಿ ಕಂಡರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನೂ ಓದುಗರಿಗೆ ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗರಚನಾಶಾಸ್ತ್ರ ಅಧ್ಯಾಪಕ, ಮೈಸೂರು